ಸೈಕಲ್ಲಿಗೆ ಹೊಲಿದ ಚೀಲ

ಇನ್ನೊಬ್ಬರ ಮಾತು ಕೇಳಿಸಿಕೊಂಡು ಬರೆಯುವುದು ಸರಿಯಲ್ಲವೇನೋ, ಕ್ಷಮೆ ಇರಲಿ. ನಾನು ಹೋಗಿದ್ದ ಸೈಕಲ್ ರಿಪೇರಿ ಅಂಗಡಿಯಲ್ಲಿ ಒಬ್ಬರು ಟೈಲರ್ ತಮ್ಮ ಹೆಂಡತಿಯ ಸೈಕಲ್ ಹಿಡಿದು ನಿಂತಿದ್ದರು. ಮರುದಿನ ಆಕೆ ಒಬ್ಬರೇ ನಾಲ್ಕು ದಿನದ ಸೈಕಲ್ ಪ್ರವಾಸ ಹೊರಡುವವರಿದ್ದರು. ಚೌಕಟ್ಟಿನ ನಡುವೆ ಕಟ್ಟಲು ಟೈಲರ್ ತಾವೇ ಹೊಲಿದ ಚೀಲ ಉಬ್ಬಿಕೊಂಡು, ಸೈಕಲ್ ಹತ್ತಿ ಕೂತ ಆಕೆಯ ಮೊಣಕಾಲಿಗೆ ತಾಗುತ್ತಿತ್ತು.

“ಸೈಕಲ್ಲಿಗೂ ಲೂಸ್ ಬಿಟ್ಟು ಹೊಲಿದಿದ್ದೀರಲ್ರೀ! ಇದೇನು ಮುಂದಿನ ವರ್ಷ ದಪ್ಪ ಆಗತ್ತಾ?”

“ಕೈಗೆ ಬಂದ ಅಭ್ಯಾಸ ಕಣೇ. ಏನಾದ್ರೂ ತೆಗೆದುಬಿಡು. ಒಲೆ?”

“ಕಾಫಿ ಇಲ್ದೆ ನಾನು ಪೆಡಲ್ ತುಳಿಯಲ್ಲ.”

“ಟೆಂಟು?”

“ನಿಮ್ಮ ತಲೆ! ಎಲ್ಲಿ ಮಲಗ್ಲಿ?”

ಟೈಲರ್ ಚೀಲಕ್ಕೆ ಕೈ ಹಾಕಿ ದಪ್ಪನೆಯ ಫೈಲೊಂದನ್ನು ಎಳೆದರು. “ಇದು ನನ್ನ ಆಸ್ಪತ್ರೆ ಫೈಲಲ್ವಾ?”

“ನಿಮಗೇನಾದ್ರೂ ಆಗಿ ಫೋನ್ ಬಂದ್ರೆ, ಡಾಕ್ಟರಿಗೆ ನಾನೇ ತಾನೆ ಹೇಳ್ಬೇಕು? ಹೋಗೋದೇ ಬೇಡ ಅನ್ಸತ್ತೆ ರೀ.”

“ಎರಡು ವರ್ಷ ನನ್ನನ್ನ ಎತ್ತಿ ಕೂರಿಸಿದ್ದೀಯ. ನಿನ್ನಿಂದ ಇವತ್ತು ಎದ್ದು ಓಡಾಡ್ತಿದ್ದೀನಿ. ನಾಲ್ಕು ದಿನ ಈ ಭಾರ ನಾನು ಹೊತ್ಕೋತೀನಿ, ಬಿಡು.”

ಆಕೆ ಚೀಲದ ಬಾಯಿ ಮುಚ್ಚಿದರು. “ಮಾತ್ರೆ ಮರೀಬೇಡಿ ಮತ್ತೆ.”

“ಇಲ್ಲ ಮಾರಾಯ್ತಿ.”

ಆಕೆ ಸೈಕಲ್ ತಳ್ಳಿಕೊಂಡು ಹೊರಟರು. ಟೈಲರ್ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ನಡೆದರು. ಮರುದಿನ ಆಕೆ ಹೊರಟರೋ ಇಲ್ಲವೋ ನನಗೆ ಗೊತ್ತಿಲ್ಲ.