ಎದೆಯ ಮೇಲೆ ಮಲಗಿಸಿದಾಗ

ಆಸ್ಪತ್ರೆಯ ಬೆಂಚಿನ ಮೇಲೆ ತುಂಬು ಬಸುರಿ ದರ್ಜಿಯೊಬ್ಬಳು ಕೂತಲ್ಲಿ ಕೂರಲಾರದೆ ಸರದಿ ಕಾಯುತ್ತಿದ್ದಳು. ಪಕ್ಕದಲ್ಲೊಬ್ಬಳು ತನ್ನ ಹೆರಿಗೆಯ ಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಕೂಸು ಅವಳ ಅತ್ತೆಯ ಮಡಿಲಲ್ಲಿತ್ತು.

“ಮಗಳನ್ನ ಎದೆ ಮೇಲೆ ಮಲಗಿಸಿದ್ರು. ಆಚೆ ತಗೊಂಡು ಹೋಗಿ ಅಂದೆ.”

“ಅಯ್ಯೋ, ಅದನ್ನ ಅಳಿಸಮ್ಮ,” ಅಂದರು ಅತ್ತೆ. “ದೊಡ್ಡವಳಾಗಿ ಕೇಳಿದ್ರೆ ಏನಂದ್ಕೊಳ್ತಾಳೆ?”

“ಅವಳು ಕೇಳಲಿ ಅಂತಲೇ ಹೇಳ್ತಿರೋದು, ಅತ್ತೆ. ನಾಳೆ ಅವಳಿಗೂ ಹೀಗೇ ಆದ್ರೆ, ತಾನೊಬ್ಬಳೇ ಪಾಪಿ ಅಂದ್ಕೊಂಡು ಒಳಗೊಳಗೇ ಕೊರಗಬಾರದು.”

“ಈಗ ಅವಳಂದ್ರೆ ಜೀವ ಬಿಡ್ತೀಯಲ್ಲ?”

“ಅದನ್ನೂ ಹೇಳಿದೀನಿ. ಆದ್ರೆ ಮೊದಲ ದಿನ ಹಾಗಿರಲಿಲ್ಲ.”

ಅತ್ತೆ ಮಗುವಿನ ಟೋಪಿ ಸರಿಮಾಡಿದರು. ಸರಿಯಾಗೇ ಇದ್ದದ್ದನ್ನು ಮತ್ತೊಮ್ಮೆ ಸರಿಮಾಡಿದರು.

“ಅದು ಇನ್ನೂ ಆನ್ ಇದೆಯಾ?”

“ಹೂಂ. ನಿಲ್ಲಿಸ್ಲಾ?”

“ಬೇಡ, ಇತ್ತ ಹಿಡಿ. ನಿನ್ನ ಗಂಡ ಹುಟ್ಟಿದಾಗ ನಾನೂ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದೆ ಕಣೇ. ಮುಖ ನೋಡೋಕೇ ಮನಸ್ಸಾಗಲಿಲ್ಲ. ಹೆತ್ತಮ್ಮನಿಗೂ ಹೇಳಿಲ್ಲ ಇದನ್ನ.”

ಸೊಸೆ ಫೋನನ್ನು ಅತ್ತೆಯ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

ಅಷ್ಟರಲ್ಲಿ ನರ್ಸ್ ಲಸಿಕೆಗೆ ಕರೆದಳು. ಇಬ್ಬರೂ ಗಡಿಬಿಡಿಯಿಂದ ಎದ್ದರು.

“ಅಮ್ಮಾ, ಎಷ್ಟು ದಿನಕ್ಕೆ ಮನಸ್ಸು ಸರಿಹೋಯ್ತು?” ಎಂದು ದರ್ಜಿ ಕೇಳಿಯೇಬಿಟ್ಟಳು.

ಅಷ್ಟು ಹೊತ್ತಿಗೆ ಅವರ ಹಿಂದೆ ಲಸಿಕೆ ಕೋಣೆಯ ಬಾಗಿಲು ಮುಚ್ಚಿಕೊಂಡಿತ್ತು.