ಹೂವಿನ ಬೆನ್ನ ಮೇಲಿನ ಹೆಸರು

ಗಡಿಯಾರ ರಿಪೇರಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಕಿವಿ, ಮುಂದೆ ನಿಂತಿದ್ದ ಓರಗಿತ್ತಿಯರ ಮಾತಿಗೆ ಅಂಟಿಕೊಂಡಿತ್ತು. ಕಿರಿಯವಳ ಅಂಗೈಯಲ್ಲಿ ಕೊಂಡಿ ಸಡಿಲವಾದ ಹಳೆಯ ಬ್ರೋಚು, ಗಿಲೀಟಿನ ಡೇಲಿಯಾ ಹೂವು.

"ನಲವತ್ತು ವರ್ಷದ್ದು ಅಕ್ಕಾ, ಒಂದು ಗೀರೂ ಇಲ್ಲ. ಅತ್ತೆ ಹಾಕ್ಕೊಂಡೇ ಇಲ್ವಾ?"

"ಹೇಗೆ ಹಾಕ್ಕೊಳ್ತಾರೆ? ಹಿಂದೆ ಯಾರೋ ಹೆಂಗಸಿನ ಹೆಸರಿದೆ ನೋಡು. ಬೇರೆಯವಳಿಗೆ ಮಾಡಿಸಿದ್ದನ್ನ ತನಗೆ ತಂದ್ರು ಅಂತ ಮಾವನ ಹತ್ರ ಆರು ತಿಂಗಳು ಮಾತು ಬಿಟ್ಟಿದ್ರಂತೆ."

"ಅಯ್ಯೋ, ಅದು ಕಂಪನಿ ಹೆಸರು. ನಾನು ಕೂಡಿಟ್ಟಿರೋ ಗುಲಾಬಿ, ಸೇವಂತಿಗೆ ಬ್ರೋಚು ಎಲ್ಲದರ ಬೆನ್ನ ಮೇಲೂ ಅದೇ ಇದೆ. ಹಳೇ ಗಿಲೀಟು ಹುಡುಕೋರು ಮೊದಲು ನೋಡೋದೇ ಅದನ್ನ."

"ಹಾಗಾದ್ರೆ ಮಾವನ ತಪ್ಪೇನೂ ಇಲ್ವಾ?"

"ಇಲ್ಲ. ಪಾಪ, ಸುಮ್ನೆ ಬೈಸಿಕೊಂಡ್ರು. ಇವತ್ತೇ ಅತ್ತೆಗೆ ಹೇಳೋಣ."

ಹಿರಿಯವಳು ಹೂವನ್ನು ತಿರುಗಿಸಿ ನೋಡಿದಳು.

"ಅತ್ತೆ 'ಯಾರಿವಳು' ಅಂತ ಕೇಳಿದ ಕೂಡಲೇ ಮಾವ 'ಇನ್ನು ಆ ಮನೆ ಕಡೆ ತಲೆ ಹಾಕಲ್ಲ' ಅಂತ ಆಣೆ ಮಾಡಿದ್ರಂತೆ ಕಣೇ."

ಕಿರಿಯವಳು ಹೂವನ್ನು ಮೆಲ್ಲನೆ ಚೀಲದೊಳಗೆ ಇಳಿಸಿದಳು.

"ಹೇಳೋದು ಬೇಡ ಅಕ್ಕಾ. ಹೆಸರು ಕಂಪನಿದು ಅಂದ್ರೆ, 'ಹಾಗಾದ್ರೆ ಆ ಮನೆ ಯಾರದು' ಅಂತ ಅತ್ತೆ ಮತ್ತೆ ಶುರು ಮಾಡ್ತಾರೆ. ಇದು ನನ್ನ ಡಬ್ಬೀಲೇ ಇರಲಿ. ಈ ವಯಸ್ಸಲ್ಲಿ ಮಾವ ಇನ್ನೊಂದು ಆರು ತಿಂಗಳು ತಡ್ಕೊಳ್ಳಲ್ಲ."

ಇಬ್ಬರೂ ಸಾಲು ಬಿಟ್ಟು ಹೊರಟರು. ಅಂಗಡಿಯವನು ದರ್ಜಿಯನ್ನು ಎರಡು ಸಲ ಕರೆಯಬೇಕಾಯಿತು.