ಪೇಟಿ ಹೊರಿಸಿದವರು

ನಂಬದವರು ಈಗಲೇ ಎದ್ದುಹೋಗಿ ಮಲಗಿಕೊಳ್ಳಿ. ಇದು ಕಲ್ಲೋಳಿಯಲ್ಲಿ ನಮ್ಮ ಓಣಿಯ ಕೇದಾರಿಗೆ ಆದದ್ದು... ಗೋಕಾಕದಿಂದ ಊರಿಗೆ ಇನ್ನೂ ಮೋಟಾರು ಓಡದ ಕಾಲ.

ಸರಿರಾತ್ರಿ. ಭಜನೆಯ ಹಾರ್ಮೋನಿಯಂ ಪೇಟಿಯನ್ನು ಕಟ್ಟಿಗೆಯ ಗೂಡಿನ ಸಮೇತ ತಲೆಯ ಮೇಲೆ ಹೊತ್ತು ಕೇದಾರಿ ಒಬ್ಬನೇ ಬರುತ್ತಿದ್ದ. ಹೆಜ್ಜೆಗೊಮ್ಮೆ ಒಳಗಿನ ಪಟ್ಟಿಗಳು ಕಟ್... ಕಟ್... ಅನ್ನುತ್ತಿದ್ದವು. ಕುತ್ತಿಗೆ ಸೋತಿತ್ತು, ಕಾಲು ಸೋತಿದ್ದವು. ಮನಸ್ಸು ಎಲ್ಲಕ್ಕಿಂತ ಹೆಚ್ಚು ಸೋತಿತ್ತು.

ಯಾಕೆಂದರೆ ಒಂದು ದಿನ ತಡವಾಗಿತ್ತು. ಅವನ ಕಾಕಾ ಶಿದ್ಲಿಂಗಪ್ಪ ಊರ ಭಜನೆಗೆಲ್ಲ ಮುಂದಾಳು. ಹಾಸಿಗೆ ಹಿಡಿದು ತಿಂಗಳಾಗಿತ್ತು. ಮುದುಕ ಹಾಡುತ್ತಿದ್ದುದು ಎರಡನೆಯ ಕರಿ ಪಟ್ಟಿಯ ಶ್ರುತಿಗೆ. ಪೇಟಿಯಲ್ಲಿ ಕೆಟ್ಟು ಕೂತದ್ದೂ ಅದೇ ಪಟ್ಟಿ. "ಧಾರವಾಡಕ್ಕ ಒಯ್ದು ರಿಪೇರಿ ಮಾಡಿಸ್ಕೊಂಡ ಬಾ. ಒಂದ ಪದಾ ಹಾಡಿ ಹೋಗತೇನಿ," ಅಂದಿದ್ದ. ಸೋಮವಾರ ಸಂಜೆಗೆ ಬರುತ್ತೇನೆಂದು ಕೇದಾರಿ ಮಾತು ಕೊಟ್ಟಿದ್ದ.

ಪೇಟಿ ಸೋಮವಾರ ಮುಂಜಾನೆಯೇ ತಯಾರಾಗಿತ್ತು. ಆದರೆ ಧಾರವಾಡವೆಂದರೆ ಸುಮ್ಮನೆಯೇ? ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ. ಪೇಟೆ ತುಂಬ ಪೇಢೆಯ ಘಮ. ಯಾವ ಮಾಳಿಗೆಯ ಕೆಳಗೆ ನಿಂತರೂ ತಂಬೂರಿ. ಅವತ್ತು ರಾತ್ರಿ ದೊಡ್ಡ ಗವಾಯಿಯೊಬ್ಬರ ಬೈಠಕ್ ಇದೆ ಅಂದರು. ಕಾಕಾ ಒಂದು ದಿನ ಕಾದಾನು ಅಂದುಕೊಂಡು ಇವನು ಕೂತೇಬಿಟ್ಟ.

ಆಲದ ಮರದ ಬಾವಿ ಬಂತು. ಇನ್ನು ಆಗದು ಅನಿಸಿ ಮಂಡಿಯೂರಿ, ಪೇಟಿಯನ್ನು ಬೆನ್ನ ಮೇಲಿಂದ ಜಾರಿಸಿ ನೆಲಕ್ಕಿಳಿಸಿದ. ಇಳಿಸಿದ ಮೇಲೆ ನೆನಪಾಯಿತು... ಹುಡುಗನಿದ್ದಾಗ ಮರದಿಂದ ಬಿದ್ದು ಅವನ ಎಡಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಯಾವ ಹೊರೆಯನ್ನಾದರೂ ಮತ್ತೊಬ್ಬರೇ ಹೊರಿಸಬೇಕು. ಗೋಕಾಕದಲ್ಲಿ ಬಂಡಿಯವ ಹೊರಿಸಿದ್ದ. ಇಲ್ಲಿ ಯಾರಿದ್ದಾರೆ? ಬಾವಿಯೊಳಗೆ ಒಂದೊಂದೇ ಹನಿ... ತಪಕ್... ತಪಕ್. ಕೇದಾರಿ ಅತ್ತೇಬಿಟ್ಟ.

ಆಗ ಕೆಮ್ಮು ಕೇಳಿಸಿತು. ಕಾಕಾನದೇ ಕೆಮ್ಮು, ಕೊನೆಗೆ ಸುಯ್ ಅಂತ ಎಳೆಯುವುದು.

"ಕಾಕಾ... ನೀವೇನ್ರಿ?"

"ಆತೇನು ಪೇಟಿ?"

"ಆತರಿ."

"ನುಡಿಸು."

ಕತ್ತಲಲ್ಲೇ ತಡಕಿ ಗೂಡು ತೆರೆದು ಎರಡನೆಯ ಕರಿ ಪಟ್ಟಿ ಒತ್ತಿದ. ಸ್ವರ ಉದ್ದಕ್ಕೆ ಹೊರಟಿತು. ಮರದ ಕೆಳಗಿನಿಂದ ಅದೇ ಸ್ವರಕ್ಕೆ ಒಂದು ಗುನುಗು ಸೇರಿತು. ಗಾಳಿ ಮುಗಿದು ಪೇಟಿ ನಿಂತಿತು... ಗುನುಗು ನಿಲ್ಲಲಿಲ್ಲ. ಇನ್ನೂ ಕೊಂಚ ಹೊತ್ತು ನಡೆದು, ತಾನೇ ನಿಂತಿತು.

"ತಪ್ಪಾತರಿ, ಕಾಕಾ. ನಿನ್ನಿ ರಾತ್ರಿ ಹಾಡಕಿ ಕೇಳ್ಕೋತ ಕುಂತ್ನಿ."

"ಚೊಲೋ ಇತ್ತೇನು?"

"ಭಾಳ ಚೊಲೋ ಇತ್ತರಿ."

"ಮತ್ಯಾಕ ಅಳತಿ? ಏಳು. ತಲಿ ಬಗ್ಗಸು."

ಬಗ್ಗಿಸಿದ. ಪೇಟಿ ತಲೆಯ ಮೇಲೆ ಬಂದು ಕೂತಿತು. ಹಿಂದೆ ಹೆಜ್ಜೆಯ ಸಪ್ಪಳವೇ ಇರಲಿಲ್ಲ. ಕೇದಾರಿ ತಿರುಗಿ ನೋಡಲಿಲ್ಲ.

ಕಾಕಾನ ಮನೆಯ ಬಾಗಿಲು ಹಾರುಹೊಡೆದಿತ್ತು. ಕಟ್ಟೆಯ ಮೇಲಿದ್ದ ಇಬ್ಬರು ಎದ್ದು ಪೇಟಿ ಇಳಿಸಿದರು. ಒಳಗಿನಿಂದ ಕಾಕಾನ ಹೆಂಡತಿ ಗೌರವ್ವ ಬಂದಳು.

"ನಿನ್ನಿ ರಾತ್ರಿ ಹ್ವಾದ್ರೋ ತಮ್ಮಾ... ಕೇದಾರಿ ಬರತಾನ, ಪೇಟಿ ಬರತೈತಿ ಅಂತ ಕಡೀತನಾ ಬಾಗಲಾ ಹಾಕಗೊಡಲಿಲ್ಲ."

ಅವತ್ತು ಮಧ್ಯಾಹ್ನವೇ ಮಣ್ಣು ಮಾಡಿದ್ದರು.

ಕೇದಾರಿ ಬಾವಿಯ ಸಂಗತಿ ಹೇಳಿದ. ನೆರೆಮನೆಯ ವೀರಪ್ಪ ಅವನ ಬೆನ್ನು ಸವರಿದ.

"ದಣಿದಿದ್ದಿ. ಪೇಟಿ ಇಳಿಸಿ ಕುಂತಿ. ನಿದ್ದಿ ಹತ್ತಿತು, ಕನಸ ಬಿತ್ತು. ಅಷ್ಟ ಖರೆ."

ಅಂದವನು ಪೇಟಿಯನ್ನು ನೋಡಿದ. ಕೇದಾರಿಯ ಎಡಗೈ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಮತ್ತ... ಹೊರಿಸಿದವರ್ಯಾರು?"



ಸುಳ್ಳು ಹೇಳಿ ನನಗೇನು ಸಿಗಬೇಕು? ಮುಪ್ಪಿನಲ್ಲಿ ಕೇದಾರಿಗೆ ದಿನಾ ಅಂಗಿ ತೊಡಿಸುತ್ತಿದ್ದವನು ನಾನೇ. ಆ ಎಡಗೈ ಕೊನೆಯತನಕ ಭುಜದ ಮೇಲೆ ಏಳಲಿಲ್ಲ.